ಗೊತ್ತಿದ್ದೂ ಮೋಸಹೋಗುವ ಕಣ್ಣು: ದೃಷ್ಟಿಭ್ರಮೆಗಳನ್ನು ಮನೆಯಲ್ಲೇ ಪರೀಕ್ಷಿಸುವ ಬಗೆ

ದೃಷ್ಟಿಭ್ರಮೆಯ ಚಿತ್ರ ಸಿಕ್ಕಿದರೆ ಹೆಚ್ಚಿನವರು ಒಮ್ಮೆ ನೋಡಿ ಬೆರಗಾಗುತ್ತಾರೆ, ಉತ್ತರ ಓದುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಅಷ್ಟಕ್ಕೇ ಬಿಟ್ಟರೆ ಉಳಿಯುವುದು 'ಕಣ್ಣು ಮೋಸ ಮಾಡುತ್ತದೆ' ಎಂಬ ಅರ್ಧಸತ್ಯ ಮಾತ್ರ. ಅದೇ ಚಿತ್ರವನ್ನು ಅಳೆದು, ಮುಚ್ಚಿ, ತಿರುಗಿಸಿ, ಮತ್ತೆ ನೋಡಿದರೆ ಮಿದುಳು ನಮಗೆ ತಿಳಿಸದೆ ಏನೇನು ಮಾಡಿ ಮುಗಿಸುತ್ತದೆ ಎಂಬುದು ಒಂದೊಂದಾಗಿ ಬಯಲಿಗೆ ಬರುತ್ತದೆ. ಈ ಲೇಖನ ಇರುವುದು ಹಾಗೆ ಪರೀಕ್ಷೆ ಮಾಡುವವರಿಗಾಗಿ.

ಶುರು ಮಾಡುವ ಮುನ್ನ ಒಂದು ವಿಂಗಡಣೆ ಬೇಕು. ಭ್ರಮೆಯಲ್ಲಿ ಅರಿವಿನ ಪಾತ್ರವೇನು ಎಂದು ಕೇಳುವಾಗ ನಾವು ಮೂರು ಸಂಗತಿಗಳನ್ನು ಒಟ್ಟಿಗೆ ಕಲಸಿಬಿಡುತ್ತೇವೆ. ಚಿತ್ರದ ಗುಟ್ಟು ನಮಗೆ ಮೊದಲೇ ಗೊತ್ತಿದೆಯೇ ಎಂಬುದು ಒಂದು. ಆ ಹೊತ್ತಿಗೆ ನಮ್ಮ ಗಮನ ಎಲ್ಲಿತ್ತು ಎಂಬುದು ಇನ್ನೊಂದು. ಕೊನೆಗೆ ಕಣ್ಣೆದುರು ಏನು ಕಂಡಿತು ಎಂಬುದು ಮೂರನೆಯದು. ಈ ಮೂರೂ ಒಟ್ಟಿಗೆ ಸಾಗುವುದಿಲ್ಲ. ಕೆಲವು ಭ್ರಮೆಗಳು ಗುಟ್ಟು ಗೊತ್ತಾದರೂ ಕದಲುವುದಿಲ್ಲ, ಕೆಲವು ಗಮನಕ್ಕೆ ತುಸು ಬಗ್ಗುತ್ತವೆ, ಇನ್ನು ಕೆಲವು ಗಮನ ಇಲ್ಲದಿರುವುದರಿಂದಲೇ ಹುಟ್ಟುತ್ತವೆ.

ನಮ್ಮ ವೇದಾಂತಿಗಳಿಗೆ ಇದರ ಅರ್ಧ ಭಾಗ ಚೆನ್ನಾಗಿ ಗೊತ್ತಿತ್ತು. ಮಬ್ಬಿನಲ್ಲಿ ಹಾವಿನಂತೆ ಕಂಡ ಹಗ್ಗ ದೀಪ ಹಿಡಿದ ಕೂಡಲೇ ಹಗ್ಗವಾಗುತ್ತದೆ. ತಿಳಿವು ಬಂದರೆ ಭ್ರಮೆ ಮುಗಿಯಿತು. ಕೆಂಪು ಹೂವಿನ ಪಕ್ಕ ಇಟ್ಟ ಸ್ಫಟಿಕದ ಕಥೆ ಬೇರೆ. ಅದಕ್ಕೆ ಬಣ್ಣವಿಲ್ಲವೆಂದು ಎಷ್ಟೇ ಗೊತ್ತಿದ್ದರೂ, ಹೂವು ಅಲ್ಲಿರುವಷ್ಟು ಹೊತ್ತು ಸ್ಫಟಿಕ ಕೆಂಪಗೇ ಕಾಣುತ್ತದೆ. ಮೊದಲನೆಯದನ್ನು ನಿರುಪಾಧಿಕ ಭ್ರಮೆ, ಎರಡನೆಯದನ್ನು ಸೋಪಾಧಿಕ ಭ್ರಮೆ ಎಂದು ಕರೆದರು. ಹಗ್ಗ-ಹಾವು ಎಲ್ಲರ ಬಾಯಲ್ಲೂ ಇದೆ, ಸ್ಫಟಿಕವನ್ನು ನೆನೆಯುವವರು ಕಡಿಮೆ. ಆದರೆ ಮನೋವಿಜ್ಞಾನದ ಪ್ರಯೋಗಾಲಯಗಳಲ್ಲಿ ಓಡಾಡುವ ಚಿತ್ರಗಳು ಬಹುಪಾಲು ಸ್ಫಟಿಕದ ಜಾತಿಗೇ ಸೇರಿದವು.

ಬೇಕಾಗುವ ಸಾಮಾನು

ಬಿಳಿ ಹಾಳೆಗಳು, ಒಂದೆರಡು ದಪ್ಪ ರಟ್ಟು, ಕಪ್ಪು ಮತ್ತು ಕೆಂಪು ಸ್ಕೆಚ್ ಪೆನ್ನು, ಸ್ಕೇಲು, ಕತ್ತರಿ, ಕನ್ನಡಿ, ಕ್ಯಾಮೆರಾ ಇರುವ ಫೋನು. ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು.

ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ನನಗೆ ಏನು ಗೊತ್ತಿತ್ತು, ನನ್ನ ಗಮನ ಎಲ್ಲಿತ್ತು, ನನಗೆ ಏನು ಕಂಡಿತು. ಪ್ರತಿ ಪರೀಕ್ಷೆಗೂ ಮುನ್ನ ಏನು ಕಾಣಬಹುದು ಎಂಬ ನಿಮ್ಮ ಊಹೆಯನ್ನು ಬರೆದಿಡಿ. ಇದು ಶಾಲೆಯ ಶಿಸ್ತಿನಂತೆ ಕಂಡರೂ ಬಿಡಬೇಡಿ. ಕಂಡಮೇಲೆ 'ನಾನು ಹೀಗೇ ಅಂದುಕೊಂಡಿದ್ದೆ' ಎಂದು ಹೇಳುವ ಚಪಲ ಎಲ್ಲರಿಗೂ ಇದ್ದದ್ದೇ.

1. ಕುರುಡು ಚುಕ್ಕೆಯಿಂದ ಶುರು ಮಾಡಿ

ಬಿಳಿ ಹಾಳೆಯ ಎಡಗಡೆ ಒಂದು ಸಣ್ಣ ಕೂಡು ಚಿಹ್ನೆ ಬರೆಯಿರಿ. ಅದರಿಂದ ನೇರ ಬಲಕ್ಕೆ 8 ಸೆಂಟಿಮೀಟರ್ ದೂರದಲ್ಲಿ ಅರ್ಧ ಸೆಂಟಿಮೀಟರ್ ಅಗಲದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡು ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ನಿಧಾನವಾಗಿ ಹತ್ತಿರ ತನ್ನಿ. ಸುಮಾರು 30 ಸೆಂಟಿಮೀಟರ್ ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಇನ್ನೂ ಹತ್ತಿರ ತಂದರೆ ಮತ್ತೆ ಬರುತ್ತದೆ. ಚುಕ್ಕೆಯ ಕಡೆಗೆ ನೋಟ ಜಾರಿದರೆ ಪರೀಕ್ಷೆ ಕೆಟ್ಟಿತು. ಹೆಚ್ಚಿನವರಿಗೆ ಮೊದಲ ಸಲ ಇದು ಆಗದಿರುವುದಕ್ಕೆ ಆ ಜಾರುವಿಕೆಯೇ ಕಾರಣ.

ಕಣ್ಣಿನ ಒಳಗೆ ಹಿಂಬದಿಯಲ್ಲಿ ಬೆಳಕು ಬೀಳುವ ಪದರವಾದ ಅಕ್ಷಿಪಟಲದಿಂದ (ರೆಟಿನಾ) ಸುಮಾರು ಹತ್ತು ಲಕ್ಷ ನರತಂತುಗಳು ಒಂದು ಕಡೆ ಸೇರಿ ಕಣ್ಣಿನ ಹಿಂದಕ್ಕೆ ಹೊರಡುತ್ತವೆ. ಅವು ಹೊರಡುವ ಜಾಗದಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳಿಲ್ಲ. ನೋಟದ ನಡುವಿನಿಂದ ಕಿವಿಯ ಕಡೆಗೆ ಸುಮಾರು 15 ಡಿಗ್ರಿ ದೂರದಲ್ಲಿ ಈ ಕುರುಡು ಜಾಗ ಬೀಳುತ್ತದೆ. ಫ್ರಾನ್ಸಿನ ಎಡ್ಮ್ ಮಾರಿಯಟ್ ಇದನ್ನು 1660ರ ದಶಕದಲ್ಲಿ ಕಂಡುಹಿಡಿಯುವವರೆಗೆ ಮನುಷ್ಯರು ಎರಡೆರಡು ತೂತುಗಳನ್ನು ಹೊತ್ತುಕೊಂಡು, ಅವು ಇವೆ ಎಂದು ಗೊತ್ತೇ ಇಲ್ಲದೆ ಬದುಕಿದ್ದರು.

ಚುಕ್ಕೆ ಮಾಯವಾದ ಜಾಗದಲ್ಲಿ ಏನು ಕಂಡಿತು? ತೂತಲ್ಲ, ಕಪ್ಪು ಕಲೆಯೂ ಅಲ್ಲ. ಅಲ್ಲಿ ಬಿಳಿ ಹಾಳೆಯೇ ಇತ್ತು. ಈಗ ಚುಕ್ಕೆಯ ಬದಲು, ಅದೇ ಜಾಗವನ್ನು ಹಾದುಹೋಗುವ ಉದ್ದದ ಗೆರೆ ಎಳೆದು, ನಡುವೆ ಚುಕ್ಕೆಯಷ್ಟು ಅಗಲ ತುಂಡು ಬಿಡಿ. ತುಂಡು ಕುರುಡು ಜಾಗಕ್ಕೆ ಬಿದ್ದಾಗ ಗೆರೆ ಕೂಡಿಕೊಂಡಂತೆ ಕಾಣುತ್ತದೆ. ತುಂಡು ಬಿಟ್ಟವರು ನೀವೇ, ಆದರೂ ಗೆರೆ ಇಡಿಯಾಗಿ ಕಾಣುತ್ತದೆ. ಮೊದಲ ಕಾಲಂನಲ್ಲಿ 'ಪೂರ್ತಿ ಗೊತ್ತಿತ್ತು' ಎಂದು ಬರೆಯಿರಿ, ಮೂರನೆಯದರಲ್ಲಿ 'ಆದರೂ ಇಡೀ ಗೆರೆ ಕಂಡಿತು' ಎಂದು.

ಇದರ ಬೆನ್ನಿಗೇ ಕನ್ನಡಿಯ ಪರೀಕ್ಷೆ ಮಾಡಿ. ಕನ್ನಡಿಯ ಹತ್ತಿರ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ, ಹೀಗೆ ನಾಲ್ಕಾರು ಸಲ ನೋಟ ಬದಲಿಸಿ. ನಿಮ್ಮ ಕಣ್ಣುಗುಡ್ಡೆ ಚಲಿಸುವುದು ನಿಮಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕಾಣುತ್ತದೆ. ಅದನ್ನೇ ಫೋನಿನ ಮುಂದಿನ ಕ್ಯಾಮೆರಾದಲ್ಲಿ ಮಾಡಿದರೆ ನಿಮಗೂ ಕಾಣುತ್ತದೆ, ಏಕೆಂದರೆ ಪರದೆಯ ಚಿತ್ರ ತುಸು ತಡವಾಗಿ ಬರುತ್ತದೆ. ಅಷ್ಟರಲ್ಲಿ ಕಣ್ಣು ನಿಂತಿರುತ್ತದೆ. ನಾವು ಎಚ್ಚರವಾಗಿರುವಾಗ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಹೀಗೆ ಜಿಗಿಯುತ್ತದೆ. ಜಿಗಿತದ ಹೊತ್ತಿನ ಕಲಸಿದ ಚಿತ್ರವನ್ನು ಮಿದುಳು ನಮ್ಮ ಅನುಭವಕ್ಕೆ ಬಿಟ್ಟುಕೊಡುವುದಿಲ್ಲ.

2. ಗೆರೆಯ ಉದ್ದ: ಭ್ರಮೆಯನ್ನು ಸ್ಕೇಲಿಗೆ ತನ್ನಿ

1889ರಲ್ಲಿ ಜರ್ಮನಿಯ ಫ್ರಾಂಜ್ ಮ್ಯುಲ್ಲರ್-ಲಯರ್ ಪ್ರಕಟಿಸಿದ ಬಾಣದ ಚಿತ್ರ ನಿಮಗೆ ಗೊತ್ತಿರಬಹುದು. ಎರಡು ಸಮನಾದ ಗೆರೆಗಳಲ್ಲಿ ಒಂದರ ತುದಿಯ ರೆಕ್ಕೆಗಳು ಒಳಕ್ಕೆ ಮಡಿಚಿರುತ್ತವೆ, ಇನ್ನೊಂದರವು ಹೊರಕ್ಕೆ ಚಾಚಿರುತ್ತವೆ. ಹೊರಕ್ಕೆ ಚಾಚಿದ್ದು ಉದ್ದ ಕಾಣುತ್ತದೆ. ಇದನ್ನು ಸುಮ್ಮನೆ ನೋಡುವುದರಿಂದ ಲಾಭವಿಲ್ಲ. ಅಳೆಯುವ ಸಾಧನ ಮಾಡಿಕೊಳ್ಳಿ.

ಒಂದು ರಟ್ಟಿನ ಮೇಲೆ 10 ಸೆಂಟಿಮೀಟರ್ ಅಡ್ಡಗೆರೆ ಎಳೆಯಿರಿ. ಅದರ ಬಲತುದಿ ರಟ್ಟಿನ ಅಂಚಿಗೆ ಸರಿಯಾಗಿ ಮುಗಿಯಲಿ. ಎರಡೂ ತುದಿಗೆ ಎರಡೂವರೆ ಸೆಂಟಿಮೀಟರಿನ ರೆಕ್ಕೆಗಳನ್ನು ಗೆರೆಯ ಮೇಲಕ್ಕೇ ಮಡಿಚಿದಂತೆ, ಬಾಣದ ಮೊನೆಯ ಹಾಗೆ ಬರೆಯಿರಿ. ಇನ್ನೊಂದು ರಟ್ಟಿನ ಮೇಲೆ 20 ಸೆಂಟಿಮೀಟರ್ ಗೆರೆ ಎಳೆದು, ಅದರ ಬಲತುದಿಗೆ ಮಾತ್ರ ಹೊರಕ್ಕೆ ಚಾಚಿದ ರೆಕ್ಕೆ ಹಾಕಿ. ಎರಡನೆಯ ರಟ್ಟನ್ನು ಮೊದಲನೆಯದರ ಅಡಿಗೆ ತೂರಿಸಿ, ಎರಡು ಗೆರೆಗಳೂ ಒಂದೇ ನೇರಕ್ಕೆ ಬರುವಂತೆ ಹಿಡಿಯಿರಿ. ಈಗ ನಡುವಿನ ಬಾಣದ ಮೊನೆ ಎರಡು ಗೆರೆಗಳಿಗೂ ಸೇರಿದ್ದು: ಎಡಗೆರೆಗೆ ಅದು ಒಳಮಡಿಕೆ, ಬಲಗೆರೆಗೆ ಹೊರಚಾಚು. ಅಡಿಯ ರಟ್ಟನ್ನು ಜಾರಿಸುತ್ತಾ ಎರಡು ಗೆರೆಗಳೂ ಸಮ ಎಂದು ನಿಮಗೆ ಕಂಡಲ್ಲಿ ನಿಲ್ಲಿಸಿ, ಬಲಗೆರೆಯ ಕಾಣುವ ಭಾಗವನ್ನು ಅಳೆಯಿರಿ. 10ಕ್ಕಿಂತ ಎಷ್ಟು ಕಡಿಮೆ ಬಂತೋ ಅದು ನಿಮ್ಮ ಭ್ರಮೆಯ ಅಳತೆ.

ಒಂದು ಸಲ ಉದ್ದದಿಂದ ಕಡಿಮೆ ಮಾಡುತ್ತಾ ಬನ್ನಿ, ಒಂದು ಸಲ ಗಿಡ್ಡದಿಂದ ಹೆಚ್ಚಿಸುತ್ತಾ ಹೋಗಿ; ಎರಡರ ಉತ್ತರ ಬೇರೆ ಬೇರೆ ಬರುತ್ತದೆ, ಸರಾಸರಿ ತೆಗೆಯಿರಿ. ಗುಟ್ಟು ಗೊತ್ತಿಲ್ಲದವರ ಕೈಯಲ್ಲೂ ಮಾಡಿಸಿ. ನಿಮಗೂ ಅವರಿಗೂ ದೊಡ್ಡ ಅಂತರ ಕಾಣದಿದ್ದರೆ ಆಶ್ಚರ್ಯಪಡಬೇಡಿ. ಉದ್ದ ಸಮವೆಂದು ನಿಮಗಿರುವ ಜ್ಞಾನ, ಉದ್ದವನ್ನು ಲೆಕ್ಕ ಹಾಕುವ ದೃಷ್ಟಿವ್ಯವಸ್ಥೆಗೆ ತಲುಪುವುದೇ ಇಲ್ಲ. ತತ್ವಜ್ಞಾನಿ ಜೆರಿ ಫೋಡರ್ 1983ರಲ್ಲಿ ಮನಸ್ಸಿನ ಕೆಲವು ವಿಭಾಗಗಳು ಉಳಿದ ಮನಸ್ಸಿನ ಮಾತು ಕೇಳುವುದಿಲ್ಲ ಎಂದು ವಾದಿಸಿದಾಗ ಇದೇ ಚಿತ್ರ ಅವರಿಗೆ ದೊಡ್ಡ ಆಸರೆಯಾಯಿತು.

ಹಾಗೆಂದು ದೃಷ್ಟಿವ್ಯವಸ್ಥೆ ಪೂರ್ತಿ ಕಿವುಡಲ್ಲ. ಇದೇ ಅಳತೆಯನ್ನು ಮತ್ತೆ ಮತ್ತೆ, ದಿನ ಬಿಟ್ಟು ದಿನ ಮಾಡಿದರೆ ಭ್ರಮೆಯ ಪ್ರಮಾಣ ನಿಧಾನವಾಗಿ ಇಳಿಯುತ್ತದೆ; ಇದು 20ನೇ ಶತಮಾನದ ಆರಂಭದಿಂದಲೂ ಗೊತ್ತಿರುವ ವಿಷಯ. ಗಮನಿಸಿ: ಇಳಿಸುವುದು ಅಭ್ಯಾಸ, ಮಾಹಿತಿಯಲ್ಲ. ಅಕ್ಕಪಕ್ಕ ಸ್ಕೇಲು ಇಟ್ಟು ತೋರಿಸಿದರೂ ಮರುಕ್ಷಣ ಹಳೆಯ ಭ್ರಮೆ ಹಾಗೇ ಇರುತ್ತದೆ.

ಇದು ಏಕಾಗುತ್ತದೆ ಎಂಬುದಕ್ಕೆ ಒಂದೇ ಉತ್ತರ ಕೊಡುವವರನ್ನು ನಂಬಬೇಡಿ. ರಿಚರ್ಡ್ ಗ್ರೆಗರಿ ಎಂಬ ಬ್ರಿಟಿಷ್ ಮನೋವಿಜ್ಞಾನಿ, ರೆಕ್ಕೆಗಳು ಕೋಣೆಯ ಮೂಲೆಯ ಗೆರೆಗಳಂತಿವೆ, ಮಿದುಳು ಅವನ್ನು ದೂರದ ಸೂಚನೆಗಳೆಂದು ಓದಿ ಉದ್ದವನ್ನು ತಿದ್ದುತ್ತದೆ ಎಂದರು. 1966ರಲ್ಲಿ ಪ್ರಕಟವಾದ, ಹಲವು ಸಮುದಾಯಗಳ ಜನರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ ಎಲ್ಲರೂ ಸಮನಾಗಿ ಮೋಸಹೋಗಲಿಲ್ಲ. ಚೌಕಾಕಾರದ ಮನೆಗಳ ನಡುವೆ ಬೆಳೆದವರಿಗೆ ಭ್ರಮೆ ಜೋರು ಎಂಬ ವಿವರಣೆ ಆಗ ಹುಟ್ಟಿಕೊಂಡಿತು. ಆದರೆ 2015ರಲ್ಲಿ ಪವನ್ ಸಿನ್ಹಾ ಅವರ ತಂಡ ಭಾರತದಲ್ಲಿ ಮಾಡಿದ ಪರೀಕ್ಷೆ ಈ ಕಥೆಗೆ ಅಡ್ಡ ಬಂತು. ಹುಟ್ಟಿನಿಂದ ಕಣ್ಣಿನ ಪೊರೆಯಿಂದಾಗಿ ಕುರುಡಾಗಿದ್ದು, ಶಸ್ತ್ರಚಿಕಿತ್ಸೆಯಿಂದ ಆಗಷ್ಟೇ ದೃಷ್ಟಿ ಪಡೆದ ಮಕ್ಕಳಿಗೆ ಇದೇ ಬಾಣದ ಚಿತ್ರವನ್ನು ತೋರಿಸಿದರು. ಮೂಲೆಗಳನ್ನು ನೋಡಿ ಬೆಳೆಯದ ಆ ಮಕ್ಕಳೂ ಮೋಸಹೋದರು. ಹಾಗಾದರೆ ಇದರ ಒಂದು ಪಾಲಾದರೂ ಅನುಭವದಿಂದ ಕಲಿತದ್ದಲ್ಲ. ನನಗೆ ಇಡೀ ಈ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಪ್ರಯೋಗ ಇದು. ಉಪಕರಣ ಸರಳ, ಕೇಳಿದ ಪ್ರಶ್ನೆ ದೊಡ್ಡದು.

3. ಬೂದು ಬಣ್ಣ: ತಪ್ಪೇ ಜಾಣತನವಾಗುವ ಕಡೆ

ಒಂದೇ ಬೂದು ಹಾಳೆಯಿಂದ ಎರಡು ಚಿಕ್ಕ ಚೌಕ ಕತ್ತರಿಸಿ, ಒಂದನ್ನು ಕಪ್ಪು ಹಾಳೆಯ ಮೇಲೂ ಇನ್ನೊಂದನ್ನು ಬಿಳಿ ಹಾಳೆಯ ಮೇಲೂ ಇಡಿ. ಕಪ್ಪಿನ ಮೇಲಿನದು ತಿಳಿಯಾಗಿ ಕಾಣುತ್ತದೆ. ಜೋರಾದ ಪರಿಣಾಮ ಬೇಕಿದ್ದರೆ ಅಮೆರಿಕದ ಎಡ್ವರ್ಡ್ ಏಡೆಲ್ಸನ್ 1995ರಲ್ಲಿ ಮಾಡಿದ ಚದುರಂಗದ ಹಾಸಿನ ಚಿತ್ರವನ್ನು ಪರದೆಯಲ್ಲಿ ತೆರೆಯಿರಿ. ಅದರಲ್ಲಿ ಒಂದು ಸಿಲಿಂಡರಿನ ನೆರಳು ಹಾಸಿನ ಮೇಲೆ ಬಿದ್ದಿರುತ್ತದೆ. ನೆರಳಿನ ಹೊರಗಿನ ಕಪ್ಪು ಚೌಕ ಎ, ನೆರಳಿನೊಳಗಿನ ಬಿಳಿ ಚೌಕ ಬಿ. ಎರಡರ ಬಣ್ಣವೂ ಒಂದೇ ಬೂದು. ನಂಬಲು ಆಗುವುದಿಲ್ಲ. ಒಂದು ಹಾಳೆಗೆ ಎರಡು ಕಿಂಡಿ ಮಾಡಿ, ಎ ಮತ್ತು ಬಿ ಮಾತ್ರ ಕಾಣುವಂತೆ ಪರದೆಗೆ ಹಿಡಿಯಿರಿ: ಒಂದೇ. ಹಾಳೆ ತೆಗೆಯಿರಿ: ಮತ್ತೆ ಬೇರೆ. ನಾಲ್ಕಾರು ಸಲ ಹಾಳೆ ಹಿಡಿದು ತೆಗೆದು ಮಾಡಿ, ಪ್ರತಿ ಸಲವೂ ಭ್ರಮೆ ಎಷ್ಟು ಬೇಗ ಮರಳುತ್ತದೆ ನೋಡಿ.

ಇಲ್ಲಿ ಮಿದುಳು ಮಾಡುತ್ತಿರುವುದು ಸರಿಯಾದ ಕೆಲಸವನ್ನೇ. ಲೆಕ್ಕ ಹಾಕಿ. ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್ (ಲಕ್ಸ್ ಎಂದರೆ ಮೇಲೆ ಬೀಳುವ ಬೆಳಕಿನ ಅಳತೆ). ಮನೆಯೊಳಗಿನ ಸಂಜೆಯ ದೀಪದ ಬೆಳಕು ಸುಮಾರು 300 ಲಕ್ಸ್ ಎಂದಿಟ್ಟುಕೊಳ್ಳಿ. ಅಚ್ಚಿನ ಕಪ್ಪು ಶಾಯಿ ತನ್ನ ಮೇಲೆ ಬಿದ್ದ ಬೆಳಕಿನ ಶೇಕಡ 4-5ರಷ್ಟನ್ನು, ಬಿಳಿ ಹಾಳೆ ಶೇಕಡ 80ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ. ಅಂದರೆ ಬಿಸಿಲಿನಲ್ಲಿರುವ ಕಪ್ಪು ಅಕ್ಷರದಿಂದ ಕಣ್ಣಿಗೆ ಬರುವ ಬೆಳಕು, ಮನೆಯೊಳಗಿನ ಬಿಳಿ ಹಾಳೆಯಿಂದ ಬರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಕಣ್ಣಿಗೆ ಬಿದ್ದ ಬೆಳಕನ್ನೇ ನಂಬಿದ್ದರೆ ನಮಗೆ ಅಂಗಳದಲ್ಲಿ ಓದಲೂ ಬರುತ್ತಿರಲಿಲ್ಲ. ಮೇಲೆ ಬಿದ್ದ ಬೆಳಕು ಎಷ್ಟು, ವಸ್ತುವಿನ ಬಣ್ಣ ಎಷ್ಟು ಎಂದು ಮಿದುಳು ಬಿಡಿಸಿಕೊಳ್ಳುತ್ತದೆ, ನಮ್ಮನ್ನು ಕೇಳದೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದನ್ನು ಅರಿವಿಗೆ ಬಾರದ ಅನುಮಾನ ಎಂದು ಕರೆದಿದ್ದರು. ಅನುಮಾನ ಎಂದರೆ ಇಲ್ಲಿ ಶಂಕೆಯಲ್ಲ, ಸುಳಿವಿನಿಂದ ತೀರ್ಮಾನಕ್ಕೆ ಬರುವ ತರ್ಕದ ಅನುಮಾನ.

2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೋ, ಅದರ ಬಣ್ಣ ನೀಲಿ-ಕಪ್ಪೋ ಬಿಳಿ-ಚಿನ್ನವೋ ಎಂದು ಜಗತ್ತನ್ನೇ ಎರಡು ಗುಂಪು ಮಾಡಿತ್ತಲ್ಲ, ಅದರ ಮೂಲವೂ ಇದೇ ಬಿಡಿಸುವಿಕೆ. ಉಡುಪು ನಿಜದಲ್ಲಿ ನೀಲಿ-ಕಪ್ಪು. ಫೋಟೋದಲ್ಲಿ ಬೆಳಕಿನ ಸುಳಿವು ಅಸ್ಪಷ್ಟವಾಗಿದ್ದುದರಿಂದ ಅದು ನೆರಳಿನಲ್ಲಿದೆ ಎಂದುಕೊಂಡ ಮಿದುಳುಗಳು ಬಿಳಿ-ಚಿನ್ನ ಕಂಡವು. ಜಗಳವಾಡಿದವರಲ್ಲಿ ಯಾರೊಬ್ಬರೂ ತಾವು ಬೆಳಕಿನ ಬಗ್ಗೆ ತೀರ್ಮಾನ ಮಾಡಿದ್ದೇವೆಂದು ಅರಿತಿರಲಿಲ್ಲ.

ಬೆಳಕಿನ ಬಗ್ಗೆ ಇನ್ನೊಂದು ಸುಲಭ ಪರೀಕ್ಷೆ: ಚಂದ್ರನ ಮೇಲಿನ ಕುಳಿಗಳ ಫೋಟೋವನ್ನು ತಲೆಕೆಳಗೆ ಮಾಡಿ. ಕುಳಿಗಳು ಗುಬುಟುಗಳಾಗುತ್ತವೆ. ಬೆಳಕು ಮೇಲಿನಿಂದಲೇ ಬರುತ್ತದೆ ಎಂದು ದೃಷ್ಟಿವ್ಯವಸ್ಥೆ ಹಿಡಿದುಕೊಂಡಿರುತ್ತದೆ, ವಿ. ಎಸ್. ರಾಮಚಂದ್ರನ್ 1988ರಲ್ಲಿ ನೆರಳು ಹಾಕಿದ ವೃತ್ತಗಳಿಂದ ಇದನ್ನು ಚೆನ್ನಾಗಿ ತೋರಿಸಿದ್ದರು. ಮುಖವಾಡದ ಒಳಮೈಯನ್ನು ಎರಡು ಮೀಟರ್ ದೂರದಿಂದ ಒಂದೇ ಕಣ್ಣಲ್ಲಿ ನೋಡಿದರೆ ಅದು ಉಬ್ಬಿದ ಮುಖವಾಗಿಯೇ ಕಾಣುವುದೂ ಇಂಥದ್ದೇ. ಮುಖ ಎಂದರೆ ಉಬ್ಬು ಎಂಬ ನಂಬಿಕೆ ಅಷ್ಟು ಗಟ್ಟಿ. ಸ್ಕಿಜೋಫ್ರೀನಿಯಾ ಎಂಬ ಮನೋರೋಗ ಇರುವ ಹಲವರು ಈ ಮುಖವಾಡಕ್ಕೆ ಕಡಿಮೆ ಮೋಸಹೋಗುತ್ತಾರೆ ಎಂದು ಪ್ರಯೋಗಗಳು ತೋರಿಸಿವೆ. ಭ್ರಮೆ ಕಾಣುವುದು ಮಿದುಳಿನ ದೋಷ ಎನ್ನುವವರು ಇದನ್ನು ಒಮ್ಮೆ ಯೋಚಿಸಬೇಕು.

4. ಚಲನೆ ಮತ್ತು ಗಮನ

ಫೋನಿನಲ್ಲಿ ಜಲಪಾತದ ವಿಡಿಯೋ ಹಾಕಿ. ಪರದೆಯ ನಡುವೆ ಸಣ್ಣ ಕಾಗದದ ಚೂರು ಅಂಟಿಸಿ, ಒಂದು ನಿಮಿಷ ಅದನ್ನೇ ನೋಡಿ, ಆಮೇಲೆ ವಿಡಿಯೋ ನಿಲ್ಲಿಸಿ. ನಿಂತ ಚಿತ್ರ ಮೇಲಕ್ಕೆ ಹರಿಯತೊಡಗುತ್ತದೆ. 1834ರಲ್ಲಿ ರಾಬರ್ಟ್ ಆಡಮ್ಸ್ ಸ್ಕಾಟ್ಲೆಂಡಿನ ಫಾಯರ್ಸ್ ಜಲಪಾತದ ಪಕ್ಕದ ಬಂಡೆಗಳು ಹೀಗೆ ಮೇಲೇರಿದ್ದನ್ನು ದಾಖಲಿಸಿದರು.

ವಿಚಿತ್ರವೆಂದರೆ ಬಂಡೆ ಚಲಿಸುತ್ತದೆ, ಆದರೆ ಇದ್ದಲ್ಲೇ ಇರುತ್ತದೆ. ಎರಡನ್ನೂ ಒಟ್ಟಿಗೆ ಹೇಳುವುದು ಅಸಂಬದ್ಧ, ಆದರೆ ಕಾಣುವುದು ಹಾಗೇ. ಚಲನೆಯನ್ನೂ ಸ್ಥಾನವನ್ನೂ ಮಿದುಳು ಬೇರೆ ಬೇರೆ ಕಡೆ ಲೆಕ್ಕ ಹಾಕುವುದರಿಂದ ಇದು ಸಾಧ್ಯವಾಗುತ್ತದೆ. ಚಲನೆಗೆ ಮೀಸಲಾದ ಪ್ರದೇಶ ಎರಡೂ ಬದಿ ಹಾಳಾದ ಒಬ್ಬ ಮಹಿಳೆಯ ವಿವರ 1983ರಲ್ಲಿ ಪ್ರಕಟವಾಯಿತು: ಅವರಿಗೆ ಬಣ್ಣ, ಆಕಾರ ಎಲ್ಲ ಸರಿಯಾಗಿ ಕಾಣುತ್ತಿತ್ತು, ಆದರೆ ಕಪ್ಪಿಗೆ ಸುರಿಯುವ ಟೀ ಹೆಪ್ಪುಗಟ್ಟಿದಂತೆ ಕಾಣುತ್ತಿತ್ತು.

ಈಗ ಗಮನದ ಪಾತ್ರ ನೋಡಿ. ಅದೇ ಪರೀಕ್ಷೆಯನ್ನು ಮತ್ತೆ ಮಾಡಿ, ಈ ಸಲ ಆ ಒಂದು ನಿಮಿಷವೂ 300ರಿಂದ ಏಳೇಳು ಕಳೆಯುತ್ತಾ ಹೋಗಿ. ಕಣ್ಣು ಮೊದಲಿನ ಜಾಗದಲ್ಲೇ ಇರಬೇಕು. ವಿಡಿಯೋ ನಿಲ್ಲಿಸಿದ ಮೇಲೆ ಭ್ರಮೆ ಎಷ್ಟು ಸೆಕೆಂಡು ಉಳಿಯಿತು ಎಂದು ಜೊತೆಗಿರುವವರು ಎಣಿಸಲಿ. 1990ರಲ್ಲಿ ಅವಿ ಚೌಧುರಿ, ಚಲನೆಯ ನಡುವೆ ಬರುವ ಅಕ್ಷರಗಳನ್ನು ಗಮನಿಸುತ್ತಿದ್ದವರಲ್ಲಿ ಈ ಭ್ರಮೆ ಗಿಡ್ಡವಾಗುತ್ತದೆಂದು ವರದಿ ಮಾಡಿದರು. ಎಲ್ಲ ಪ್ರಯೋಗಾಲಯಗಳಲ್ಲೂ ಅದು ಅಷ್ಟೇ ಬಲವಾಗಿ ಸಿಕ್ಕಿಲ್ಲ, ಹಾಗಾಗಿ ನಿಮ್ಮಲ್ಲಿ ವ್ಯತ್ಯಾಸ ಬಾರದಿದ್ದರೆ ಪರೀಕ್ಷೆ ತಪ್ಪಾಯಿತೆಂದು ತಿಳಿಯಬೇಡಿ.

ಕಣ್ಣಲ್ಲಿ ಉಳಿಯುವ ಬಣ್ಣದ ಬಿಂಬಕ್ಕೆ ಹೆಚ್ಚು ಹೊತ್ತು ಬೇಡ. ಕೆಂಪು ಚೌಕವನ್ನು 30 ಸೆಕೆಂಡು ದಿಟ್ಟಿಸಿ, ಬಿಳಿ ಹಾಳೆ ನೋಡಿದರೆ ನೀಲಿಹಸಿರು ಚೌಕ ತೇಲುತ್ತದೆ. ಅದು ಮುಖ್ಯವಾಗಿ ಅಕ್ಷಿಪಟಲದ ದಣಿವು. ಆದರೆ ನೋಟವನ್ನು ಕೈಯಲ್ಲಿರುವ ಹಾಳೆಯಿಂದ ದೂರದ ಗೋಡೆಗೆ ಸರಿಸಿ: ಚೌಕ ದೊಡ್ಡದಾಗುತ್ತದೆ. ಅಕ್ಷಿಪಟಲದ ಮೇಲೆ ಅದರ ಅಳತೆ ಬದಲಾಗಿಲ್ಲ. ದೂರದಲ್ಲಿದ್ದೂ ಇಷ್ಟೇ ಜಾಗ ಹಿಡಿದಿದೆ ಎಂದರೆ ವಸ್ತು ದೊಡ್ಡದಿರಬೇಕು ಎಂದು ಮಿದುಳು ಗುಣಾಕಾರ ಮಾಡಿತು. 1881ರಲ್ಲಿ ಎಮಿಲ್ ಎಮ್ಮರ್ಟ್ ಇದನ್ನು ನಿಯಮವಾಗಿ ಬರೆದರು.

5. ಎರಡರಲ್ಲಿ ಒಂದು: ಅರಿವು ಹೊರಳುವ ಚಿತ್ರಗಳು

ಇಲ್ಲಿಂದ ವಿಷಯ ಬೇರೆಯಾಗುತ್ತದೆ. ಇಲ್ಲಿ ಹಾಳೆ ಬದಲಾಗದೆ ಅನುಭವ ಮಾತ್ರ ಬದಲಾಗುತ್ತದೆ. ಅರಿವನ್ನು ಅಧ್ಯಯನ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ.

ಗೆರೆಗಳಿಂದಷ್ಟೇ ಮಾಡಿದ ಪಾರದರ್ಶಕ ಘನವನ್ನು ಬರೆಯಿರಿ: ಎರಡು ಸಮ ಚೌಕಗಳು ಓರೆಯಾಗಿ ಒಂದರ ಮೇಲೊಂದು ಬರುವಂತೆ ಎಳೆದು ಮೂಲೆಗಳನ್ನು ಕೂಡಿಸಿದರೆ ಆಯಿತು. ಸ್ವಿಟ್ಜರ್ಲೆಂಡಿನ ಲೂಯಿ ಆಲ್ಬರ್ಟ್ ನೆಕರ್ 1832ರಲ್ಲಿ ಹರಳುಗಳ ಚಿತ್ರ ನೋಡುವಾಗ ಅವು ಹೊರಳುವುದನ್ನು ಗಮನಿಸಿ ಬರೆದಿದ್ದರು. ಒಂದು ನಿಮಿಷ ಸುಮ್ಮನೆ ನೋಡಿ, ಹೊರಳಿದಾಗಲೆಲ್ಲ ಒಂದು ಗೀಟು ಹಾಕಿ. ಇನ್ನೊಂದು ನಿಮಿಷ, ಸಾಧ್ಯವಾದಷ್ಟು ಬೇಗ ಬೇಗ ಹೊರಳಿಸಲು ಯತ್ನಿಸಿ. ಮೂರನೆಯ ನಿಮಿಷ, ಒಂದೇ ರೂಪವನ್ನು ಹಿಡಿದಿಡಲು ಯತ್ನಿಸಿ. ಗೀಟುಗಳ ಸಂಖ್ಯೆ ಏರುತ್ತದೆ, ಇಳಿಯುತ್ತದೆ. ಆದರೆ ಮೂರನೆಯ ನಿಮಿಷದಲ್ಲೂ ಸೊನ್ನೆಗೆ ಇಳಿಯುವುದು ತೀರಾ ಕಷ್ಟ. ಇಚ್ಛೆಗೆ ಇಲ್ಲಿ ಪಾಲಿದೆ, ಯಜಮಾನಿಕೆ ಇಲ್ಲ.

ಮುಂದಿನದು ಎರಡು ಕಣ್ಣುಗಳ ಪೈಪೋಟಿ. ಆರು ಸೆಂಟಿಮೀಟರ್ ಅಂತರದಲ್ಲಿ ಎರಡು ಸಮ ವೃತ್ತ ಬರೆದು, ಒಂದರೊಳಗೆ ಕೆಂಪು ಅಡ್ಡಗೆರೆಗಳನ್ನೂ ಇನ್ನೊಂದರೊಳಗೆ ಕಪ್ಪು ಲಂಬಗೆರೆಗಳನ್ನೂ ತುಂಬಿ. ಹಾಳೆ ಸುರುಳಿ ಮಾಡಿದ ಎರಡು ಕೊಳವೆಗಳ ಮೂಲಕ, ಒಂದು ಕಣ್ಣಿಗೆ ಒಂದೇ ವೃತ್ತ ಬೀಳುವಂತೆ, ದೂರ ನೋಡುವ ಹಾಗೆ ಕಣ್ಣು ಸಡಿಲಿಸಿ ನೋಡಿ. ವೃತ್ತಗಳು ಒಂದರ ಮೇಲೊಂದು ಕೂತ ಮೇಲೆ ಗೆರೆಗಳು ಬೆರೆತು ಜಾಲರಿಯಾಗಿ ನಿಲ್ಲುವುದಿಲ್ಲ. ಸ್ವಲ್ಪ ಹೊತ್ತು ಕೆಂಪು, ಸ್ವಲ್ಪ ಹೊತ್ತು ಕಪ್ಪು, ನಡುವೆ ತೇಪೆ ತೇಪೆ. ಇಲ್ಲೂ ಹಿಡಿದಿಡಲು ಯತ್ನಿಸಿ. ಘನದಷ್ಟು ಕೂಡ ಇದು ಮಾತು ಕೇಳುವುದಿಲ್ಲ.

ಕಾಣದಿರುವ ಕಣ್ಣಿನ ಚಿತ್ರ ಆಗ ಎಲ್ಲಿಗೆ ಹೋಯಿತು? ನಿಕೋಸ್ ಲೋಗೊಥೆಟಿಸ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೋತಿಗಳಿಗೆ ತಮಗೆ ಯಾವುದು ಕಾಣುತ್ತಿದೆ ಎಂದು ಸೂಚಿಸಲು ಕಲಿಸಿ, ಮಿದುಳಿನ ಕೋಶಗಳನ್ನು ಆಲಿಸಿದರು. ದೃಷ್ಟಿಯ ಮೊದಲ ಹಂತದ ಪ್ರದೇಶಗಳಲ್ಲಿ ಸುಮಾರು ಐದಕ್ಕೊಂದು ಕೋಶ ಮಾತ್ರ ಅನುಭವಕ್ಕೆ ತಕ್ಕಂತೆ ಏರಿಳಿಯಿತು, ಉಳಿದವು ಕಣ್ಣಿಗೆ ಬಿದ್ದದ್ದಕ್ಕೆ ಸ್ಪಂದಿಸುತ್ತಲೇ ಇದ್ದವು. ವಸ್ತುಗಳನ್ನು ಗುರುತಿಸುವ, ಕಿವಿಯ ಬದಿಯ ಮೇಲುಹಂತದ ಪ್ರದೇಶದಲ್ಲಿ ಸುಮಾರು 90% ಕೋಶಗಳು ಅನುಭವವನ್ನೇ ಅನುಸರಿಸಿದವು. ಅಂದರೆ ಕಾಣದ ಚಿತ್ರವೂ ಮಿದುಳನ್ನು ಹೊಕ್ಕಿದೆ, ಒಂದಷ್ಟು ದೂರ ನಡೆದಿದೆ, ಅರಿವಿನವರೆಗೆ ಬಂದಿಲ್ಲ. 1996ರ ಇನ್ನೊಂದು ಪ್ರಯೋಗದಲ್ಲಿ, ಸುತ್ತಲಿನ ಗೆರೆಗಳ ಗದ್ದಲದಲ್ಲಿ ಯಾವ ಕಡೆ ವಾಲಿದೆಯೆಂದು ನೋಡುವವರಿಗೆ ಹೇಳಲಾಗದ ಗೆರೆಗಳೂ ಆಮೇಲಿನ ನೋಟದ ಮೇಲೆ ತಮ್ಮ ಗುರುತು ಬಿಟ್ಟುಹೋದವು.

ಇಲ್ಲದ್ದು ಕಾಣುವುದಕ್ಕೂ ಕೋಶಗಳ ಸಾಕ್ಷಿ ಇದೆ. ಕಪ್ಪು ಕಾಗದದ ಮೂರು ದುಂಡು ಬಿಲ್ಲೆಗಳಿಂದ ತ್ರಿಕೋನಾಕಾರದ ಒಂದೊಂದು ತುಂಡು ಕತ್ತರಿಸಿ, ಕತ್ತರಿಸಿದ ಬಾಯಿಗಳು ಒಳಮುಖವಾಗುವಂತೆ ತ್ರಿಕೋನದ ಮೂಲೆಗಳಲ್ಲಿ ಇಡಿ. ಹಾಳೆಗಿಂತ ಬೆಳ್ಳಗಿನ ತ್ರಿಕೋನವೊಂದು ಎದ್ದು ಬರುತ್ತದೆ. ಇಟಲಿಯ ಗೇಟಾನೋ ಕನಿಝಾ 1955ರಲ್ಲಿ ಪ್ರಸಿದ್ಧಗೊಳಿಸಿದ್ದು ಇದು. ಅಲ್ಲಿಲ್ಲದ ಇಂಥ ಅಂಚುಗಳಿಗೂ ಸ್ಪಂದಿಸುವ ಕೋಶಗಳು ಕೋತಿಗಳ ಎರಡನೆಯ ದೃಷ್ಟಿಪ್ರದೇಶದಲ್ಲಿ ಇವೆಯೆಂದು 1984ರಲ್ಲಿ ಗೊತ್ತಾಯಿತು.

6. ಗಮನವೇ ಇಲ್ಲದಿದ್ದಾಗ

ಚೆಂಡು ಹಾಯಿಸುವವರ ನಡುವೆ ಗೊರಿಲ್ಲಾ ವೇಷದವರು ಹಾದುಹೋಗುವ ವಿಡಿಯೋವನ್ನು ಡೇನಿಯಲ್ ಸೈಮನ್ಸ್ ಮತ್ತು ಕ್ರಿಸ್ಟೋಫರ್ ಶಾಬ್ರಿ 1999ರಲ್ಲಿ ಪ್ರಕಟಿಸಿದರು. ಚೆಂಡು ಎಷ್ಟು ಸಲ ಕೈ ಬದಲಾಯಿತೆಂದು ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಗೊರಿಲ್ಲಾ ಕಾಣಲೇ ಇಲ್ಲ. ಈಗ ಆ ಕಥೆ ಎಲ್ಲರಿಗೂ ಗೊತ್ತು, ಹಾಗಾಗಿ ಆ ವಿಡಿಯೋ ನಿಮ್ಮ ಮೇಲೆ ಕೆಲಸ ಮಾಡದು. ನೀವೇ ಹೊಸದನ್ನು ಮಾಡಿ: ಇಬ್ಬರು ಆಡುವ ಮಾತನ್ನು ಫೋನಿನಲ್ಲಿ ಚಿತ್ರಿಸಿ, ನಡುವೆ ಹಿನ್ನೆಲೆಯಲ್ಲಿ ಯಾರೋ ಕೊಡೆ ಬಿಚ್ಚಿಕೊಂಡು ನಿಧಾನವಾಗಿ ದಾಟಲಿ. ನೋಡುವವರಿಗೆ ಒಂದು ನಿರ್ದಿಷ್ಟ ಪದ ಎಷ್ಟು ಸಲ ಬಂತೆಂದು ಎಣಿಸಲು ಹೇಳಿ. ಎಣಿಕೆ ಕಷ್ಟವಿರಬೇಕು, ಇಲ್ಲದಿದ್ದರೆ ಗಮನ ಮಿಗುತ್ತದೆ. ಎಣಿಸುವಾಗ ಬಾಯಿಯ ಚಲನೆಯನ್ನೂ ನೋಡಿ ಎಂದು ಹೇಳಿ, ಕಣ್ಣು ಪರದೆಯ ಮೇಲೇ ಇರುತ್ತದೆ.

ಗೊತ್ತಿದ್ದವರು ಪಾರಾದರು ಅನ್ನುವಂತಿಲ್ಲ. ಸೈಮನ್ಸ್ 2010ರಲ್ಲಿ ಮಾಡಿದ ಇನ್ನೊಂದು ವಿಡಿಯೋದಲ್ಲಿ, ಗೊರಿಲ್ಲಾವನ್ನು ಕಾಯುತ್ತಿದ್ದವರಿಗೆ ಗೊರಿಲ್ಲಾ ಕಂಡಿತು, ಹಿಂದಿನ ಪರದೆಯ ಬಣ್ಣ ಬದಲಾದದ್ದು ಮಾತ್ರ ಬಹಳ ಮಂದಿಗೆ ಕಾಣಲಿಲ್ಲ. ಜ್ಞಾನ ಇಲ್ಲಿ ಸಹಾಯ ಮಾಡುತ್ತದೆ, ಆದರೆ ಗೊತ್ತಿರುವ ಒಂದೇ ಸಂಗತಿಗೆ. ಪರಿಣತಿಯೂ ಹಾಗೇ. 2013ರ ಪ್ರಯೋಗವೊಂದರಲ್ಲಿ 24 ಮಂದಿ ರೇಡಿಯಾಲಜಿ ವೈದ್ಯರು ಶ್ವಾಸಕೋಶದ ಸಿ.ಟಿ. ಚಿತ್ರಗಳಲ್ಲಿ ಗಂಟುಗಳನ್ನು ಹುಡುಕುತ್ತಿದ್ದರು. ಸರಾಸರಿ ಗಂಟಿಗಿಂತ 48 ಪಟ್ಟು ದೊಡ್ಡ ಗೊರಿಲ್ಲಾ ಚಿತ್ರವೊಂದನ್ನು ಅದರೊಳಗೆ ಸೇರಿಸಲಾಗಿತ್ತು. 20 ಮಂದಿಗೆ ಅದು ಕಾಣಲಿಲ್ಲ. ಕಾಣದವರಲ್ಲೂ ಹೆಚ್ಚಿನವರ ನೋಟ ಅದರ ಮೇಲೆ ನೇರವಾಗಿ ಬಿದ್ದಿತ್ತೆಂದು ಕಣ್ಣಿನ ಚಲನೆಯ ದಾಖಲೆ ಹೇಳುತ್ತದೆ.

ಈ ಕೊನೆಯ ಬಗೆಯಲ್ಲಿ ಮಾತ್ರ ಮಾಡಿಕೊಳ್ಳಬಹುದಾದ ಉಪಾಯವಿದೆ. ಕೆಲಸದ ಚಿತ್ರವನ್ನೋ ದಾಖಲೆಯನ್ನೋ ಪರಿಶೀಲಿಸುವವರು ಎರಡು ಸುತ್ತು ನೋಡಲಿ: ಒಂದು ಸುತ್ತು ಹುಡುಕಬೇಕಾದ್ದಕ್ಕೆ, ಇನ್ನೊಂದು ಸುತ್ತು ಏನನ್ನೂ ಹುಡುಕದೆ. ವಾಹನ ಓಡಿಸುವಾಗ ಹ್ಯಾಂಡ್ಸ್‌ಫ್ರೀ ಫೋನು ಸುರಕ್ಷಿತ ಎನ್ನುವವರಿಗೂ ಇದೇ ಪ್ರಯೋಗಗಳು ಉತ್ತರ. ಕೈ ಖಾಲಿ ಇರಬಹುದು, ಗಮನ ಖಾಲಿ ಇರುವುದಿಲ್ಲ. ಗೆರೆಯ ಉದ್ದ, ಬೂದು ಬಣ್ಣಗಳ ವಿಷಯದಲ್ಲಿ ಎಚ್ಚರಿಕೆಯಿಂದ ನೋಡುತ್ತೇನೆ ಎಂದು ಹೊರಡುವುದು ಮಾತ್ರ ವ್ಯರ್ಥ. ಅಲ್ಲಿ ಸ್ಕೇಲನ್ನೂ ಕಿಂಡಿಯ ಹಾಳೆಯನ್ನೂ ಬಳಸಿ.

ಎಚ್ಚರ ವಹಿಸಬೇಕಾದ್ದು

ಮೂರ್ಛೆರೋಗ ಅಥವಾ ಮೈಗ್ರೇನ್ ಇರುವವರು ಮಿನುಗುವ ಚಿತ್ರಗಳನ್ನೂ ದಟ್ಟವಾದ ಕಪ್ಪುಬಿಳುಪು ಪಟ್ಟೆಗಳನ್ನೂ ದೂರ ಇಡಬೇಕು. ಉಳಿಯುವ ಬಿಂಬಕ್ಕಾಗಿ ಸೂರ್ಯನನ್ನಾಗಲಿ ಲೇಸರನ್ನಾಗಲಿ ನೋಡಲೇಬಾರದು. ತಲೆ ಸುತ್ತಿದರೆ ನಿಲ್ಲಿಸಿ.

ಮೇಲಿನ ಭ್ರಮೆಗಳು ಹೆಚ್ಚುಕಡಿಮೆ ಎಲ್ಲರಿಗೂ ಕಾಣುವಂಥವು. ನಿಮಗೊಬ್ಬರಿಗೇ ಕಂಡರೆ ಮಾತು ಬೇರೆ. ಚೌಕುಳಿ ಹಾಳೆಯ ನಡುವೆ ಒಂದು ಚುಕ್ಕೆ ಇಟ್ಟು, ಓದುವ ಕನ್ನಡಕ ಇದ್ದರೆ ಹಾಕಿಕೊಂಡು, ಒಂದೊಂದೇ ಕಣ್ಣಿನಿಂದ ಆ ಚುಕ್ಕೆಯನ್ನು ನೋಡಿ. ನೇರ ಗೆರೆಗಳು ಡೊಂಕಾಗಿ ಕಂಡರೆ, ನಡುವೆ ಮಸುಕು ಕಲೆ ಇದ್ದರೆ, ಅದು ಅಕ್ಷಿಪಟಲದ ನಡುಭಾಗದ ತೊಂದರೆ ಇರಬಹುದು. ತಡಮಾಡದೆ ಕಣ್ಣಿನ ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಮಿಂಚು, ತೇಲುವ ಚುಕ್ಕೆಗಳ ಸುರಿಮಳೆ, ಪರದೆ ಇಳಿದಂಥ ನೆರಳು ಬಂದರೆ ಅದೇ ದಿನ ಹೋಗಬೇಕು. ದೃಷ್ಟಿ ಕುಂದಿದ ಹಿರಿಯರು, ಇಲ್ಲದ ಜನರನ್ನೋ ಮುಖಗಳನ್ನೋ ಕಂಡೆವೆಂದು ಹೇಳಿದರೆ ಬುದ್ಧಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. 1760ರಲ್ಲಿ ಚಾರ್ಲ್ಸ್ ಬೊನೆ ತಮ್ಮ ಅಜ್ಜನಲ್ಲಿ ಕಂಡು ವಿವರಿಸಿದ ಸ್ಥಿತಿ ಅದಾಗಿರಬಹುದು. ಕಣ್ಣಿನಿಂದ ಸುದ್ದಿ ಬರುವುದು ಕಡಿಮೆಯಾದಾಗ ಮಿದುಳು ತಾನೇ ಚಿತ್ರ ಮಾಡಿಕೊಳ್ಳುತ್ತದೆ, ನೋಡುವವರಿಗೂ ಅದು ನಿಜವಲ್ಲವೆಂದು ಸಾಮಾನ್ಯವಾಗಿ ಗೊತ್ತಿರುತ್ತದೆ. ನಕ್ಕಾರು ಎಂಬ ಹೆದರಿಕೆಯಿಂದ ಅವರು ಬಾಯಿ ಬಿಡುವುದಿಲ್ಲ, ಆದ್ದರಿಂದ ಕಣ್ಣಿನ ತಪಾಸಣೆಗೆ ಕರೆದುಕೊಂಡು ಹೋದಾಗ ವೈದ್ಯರೆದುರು ನೀವಾಗಿಯೇ ಆ ಪ್ರಶ್ನೆ ಎತ್ತಿ.